ನಡುಗಡ್ಡೆಯ ನಾಗರಿಕರು

ಮಹಾಬಳೇಶ್ವರದಲ್ಲಿ ಹುಟ್ಟಿ, ಸಾತಾರಾ ಸಾಂಗಲಿಗಳನ್ನು ಹಾದು, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನು ಕೂಡಿಕೊಂಡು, ಕರ್ನಾಟಕದ ಎಲ್ಲೆಯನ್ನು ಹೊಕ್ಕ ಕೆಲವೇ ಹರದಾರಿಗಳಲ್ಲಿ ವೇದಗಂಗೆಯನ್ನೊಳಗೊಂಡ ದೂಧಗಂಗೆಯನ್ನೂ ಕಲ್ಲೋಳದ ಬಳಿ ತನ್ನೊಳಗೆ ಸೇರಿಸಿಕೊಳ್ಳುವ ಕೃಷ್ಣೆಯು, ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ, ರಾಯಬಾಗ, ಅಥಣಿ ಎಂಬ ಐದು ತಾಲ್ಲೂಕುಗಳ ಐಶ್ವರ್ಯಕ್ಕೂ ಆತಂಕಕ್ಕೂ ಏಕಕಾಲದಲ್ಲಿ ಕಾರಣೀಭೂತಳಾಗಿದ್ದಾಳೆ. ಕಬ್ಬು, ತಂಬಾಕು, ಹೈನುಗಳಿಂದ ಸಮೃದ್ಧವಾದ ಈ ಸೀಮೆಯನ್ನು ದುರ್ಭಿಕ್ಷದ ನಾಡೆಂದು ಯಾರೂ ಕರೆಯರು. ಆದರೆ ಇಲ್ಲಿಯ ನದೀತೀರದ ಸಾವಿರಾರು ಕುಟುಂಬಗಳು ತಮ್ಮ ಮನೆಯ ನೆಲ ವಿಧಿಸಮ್ಮತವಾಗಿ ತಮ್ಮದೇ ಎಂಬುದನ್ನು ಸಾಬೀತುಪಡಿಸಲಾರದ ವಿಚಿತ್ರ ಸ್ಥಿತಿಯಲ್ಲಿ ಬಾಳುತ್ತಿವೆ ಎಂಬುದು, ಹಸುರನ್ನು ಕಂಡು ಹಿಂದಿರುಗುವ ಪ್ರವಾಸಿಯ ಕಣ್ಣಿಗೆ ಬೀಳತಕ್ಕ ಸಂಗತಿಯಲ್ಲ.

ಕೊಯ್ನಾ, ವಾರಣಾ, ರಾಧಾನಗರಿ, ಕಾಳಮ್ಮವಾಡಿ, ಪಾಟಗಾಂವ ಜಲಾಶಯಗಳು ತುಂಬಿ ಅವುಗಳ ಬಾಗಿಲುಗಳು ತೆರೆದುವೆಂದರೆ, ರಾಜಾಪುರ ಬ್ಯಾರೇಜಿನಿಂದ ಇಂದು ಎಷ್ಟು ಕ್ಯೂಸೆಕ್ ನೀರು ಹೊರಬಿತ್ತು ಎಂಬ ವಾರ್ತೆಯೇ ಈ ಊರುಗಳಿಗೆ ಪಂಚಾಂಗಶ್ರವಣವಾಗುತ್ತದೆ. ಮೊದಲು ಕಲ್ಲೋಳ–ಯಡೂರ ಸೇತುವೆ, ಆಮೇಲೆ ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭೀವಶಿ, ಅಕ್ಕೋಳ–ಸಿದ್ನಾಳ ಎಂದು ಕೆಳಮಟ್ಟದ ಸೇತುವೆಗಳು ಒಂದೊಂದಾಗಿ ಜಲಾವೃತವಾಗುತ್ತವೆ. ನೀರು ಮತ್ತೂ ಏರಿದಲ್ಲಿ ಯಡೂರಿನ ವೀರಭದ್ರನ ಗುಡಿಯ ಸುತ್ತಮುತ್ತ, ಮಾಂಜರಿ ಇಂಗಳಿಗಳ ಹೊಲಗಳಲ್ಲಿ, ಕಾಗವಾಡದ ಜುಗೂಳ ಮಂಗಾವತಿಗಳಲ್ಲಿ, ರಾಯಬಾಗದ ಕುಡಚಿಯ ಕೆಳಭಾಗದಲ್ಲಿ, ಅಥಣಿಯ ಸಪ್ತಸಾಗರ ದರೂರುಗಳ ದಂಡೆಯಲ್ಲಿ ನಡುಗಡ್ಡೆಗಳು ಹುಟ್ಟಿಕೊಳ್ಳುತ್ತವೆ. ದನಕರುಗಳನ್ನು ಹೊಡೆದುಕೊಂಡು ಎತ್ತರದ ಮಡ್ಡಿಯ ಮೇಲಿನ ಶಾಲೆಗೋ ಬೀಗರ ಊರಿಗೋ ಹೋದ ಜನ ನೀರಿಳಿದ ಮೇಲೆ ಹಿಂದಿರುಗುತ್ತಾರೆ. 2005, 2019 ಮತ್ತು 2021ರ ಮಹಾಪೂರಗಳಲ್ಲಿ ಮಾತ್ರ ಹಿಂದಿರುಗಿದ ಅನೇಕರಿಗೆ ಮನೆಯಿದ್ದೆಡೆಯಲ್ಲಿ ಮಣ್ಣಿನ ಗುಡ್ಡೆಯೊಂದು ಉಳಿದಿತ್ತು. ಅವರು ಪುನಃ ಮಡ್ಡಿಗೆ ಏರಿದರು, ಮತ್ತು ಅಲ್ಲಿಂದೀಚೆಗೆ ಅವರ ಪರಿಸ್ಥಿತಿಗೆ ಶಾಸನದಲ್ಲಿ ಸ್ಪಷ್ಟವಾದ ಸಂಜ್ಞೆಯೇ ಇಲ್ಲದಂತಾಯಿತು.

ನೀರು ಮನೆ ಬಿಡಿಸಿದ ಮನುಷ್ಯನು ವಿಧಿಯ ದೃಷ್ಟಿಯಲ್ಲಿ ಯಾರು ಎಂಬ ಈ ಪ್ರಶ್ನೆಯನ್ನು ಇಂದು ಜಗತ್ತಿನಲ್ಲಿ ಅತ್ಯಂತ ತೀವ್ರವಾಗಿ ಕೇಳುತ್ತಿರುವವರು ಶಾಂತಸಾಗರದ ಪುಟ್ಟ ದ್ವೀಪರಾಷ್ಟ್ರಗಳವರು. ಕಿರಿಬಾಟಿ, ತುವಾಲು, ಮಾರ್ಷಲ್ ದ್ವೀಪಗಳೆಂಬ ರಾಷ್ಟ್ರಗಳು ಸಮುದ್ರಮಟ್ಟದಿಂದ ಕೆಲವೇ ಮೀಟರುಗಳ ಎತ್ತರದಲ್ಲಿರತಕ್ಕವು; ಏರುತ್ತಿರುವ ಕಡಲು ಅವುಗಳ ಬಾವಿಗಳಿಗೆ ಉಪ್ಪನ್ನೂ ತೀರಗಳಿಗೆ ಕೊರೆತವನ್ನೂ ತಂದಿದೆ. 1951ರ ನಿರಾಶ್ರಿತರ ಒಡಂಬಡಿಕೆಯು ಜನಾಂಗ, ಧರ್ಮ, ರಾಷ್ಟ್ರೀಯತೆ, ವಿಶಿಷ್ಟ ಸಾಮಾಜಿಕ ವರ್ಗ, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳಿಂದ ಹಿಂಸೆಗೊಳಗಾಗುವ ಭಯವುಳ್ಳವರನ್ನಷ್ಟೇ ನಿರಾಶ್ರಿತರೆಂದು ಪರಿಗಣಿಸುವುದರಿಂದ, ಕಡಲಿನ ಭಯದಿಂದ ಓಡಿಬಂದವನಿಗೆ ಅದರಲ್ಲಿ ಸ್ಥಾನವಿಲ್ಲ. ಕಿರಿಬಾಟಿಯ ಇಯೋವಾನೆ ಟೇಟಿಯೋಟಾ ಎಂಬಾತನು ನ್ಯೂಜಿಲೆಂಡಿನಲ್ಲಿ ಆಶ್ರಯ ಬೇಡಿ, ಅಲ್ಲಿಯ ನ್ಯಾಯಾಲಯಗಳಲ್ಲಿ ಸೋತು, 2015ರಲ್ಲಿ ಸ್ವದೇಶಕ್ಕೆ ಕಳುಹಿಸಲ್ಪಟ್ಟನು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು 2020ರಲ್ಲಿ ಪ್ರಕಟವಾದ ತನ್ನ ನಿರ್ಣಯದಲ್ಲಿ ಆತನ ಮೊರೆಯನ್ನು ಒಪ್ಪಲಿಲ್ಲವಾದರೂ, ಹವಾಮಾನದ ವಿಪತ್ತಿನಿಂದ ಜೀವಕ್ಕೆ ಅಪಾಯವಿರುವಲ್ಲಿಗೆ ಮನುಷ್ಯನನ್ನು ಹಿಂದೆ ಕಳುಹಿಸುವುದು ಮುಂದೊಂದು ಕಾಲಕ್ಕೆ ಜೀವಿಸುವ ಹಕ್ಕಿನ ಉಲ್ಲಂಘನೆಯಾಗಬಹುದೆಂಬ ತತ್ತ್ವವನ್ನು ಅಂಗೀಕರಿಸಿತು. ಅದಕ್ಕೂ ಮುನ್ನವೇ, 2014ರಲ್ಲಿ, ಕಿರಿಬಾಟಿಯ ಸರ್ಕಾರವು ಫಿಜಿಯಲ್ಲಿ ಸುಮಾರು 20 ಚದರ ಕಿಲೋಮೀಟರ್ ಭೂಮಿಯನ್ನು ಕ್ರಯಕ್ಕೆ ಕೊಂಡಿತ್ತು. ತುವಾಲು 2023ರಲ್ಲಿ ಆಸ್ಟ್ರೇಲಿಯದೊಡನೆ ಮಾಡಿಕೊಂಡ ಫಲೇಪಿಲಿ ಒಪ್ಪಂದದ ಮೇರೆಗೆ ವರ್ಷಕ್ಕೆ 280 ಮಂದಿ ತುವಾಲುವಿನವರು ಆಸ್ಟ್ರೇಲಿಯದಲ್ಲಿ ಶಾಶ್ವತವಾಗಿ ನೆಲಸಲು ಅವಕಾಶ ದೊರೆತಿದೆ.

ಆ ದ್ವೀಪವಾಸಿಗಳ ಭಯ ಎರಡು ಬಗೆಯದು. ಪರದೇಶದಲ್ಲಿ ನನ್ನ ಸ್ಥಾನವೇನು ಎಂಬುದೊಂದು. ನನ್ನ ದೇಶವೇ ಮುಳುಗಿದರೆ ನಾನು ಯಾವ ದೇಶದವನು ಎಂಬುದು ಇನ್ನೊಂದು. ಭೂಪ್ರದೇಶ, ಪ್ರಜೆ, ಸರ್ಕಾರ, ಪರರಾಷ್ಟ್ರಗಳೊಡನೆ ವ್ಯವಹರಿಸುವ ಸಾಮರ್ಥ್ಯ ಎಂಬ ನಾಲ್ಕು ಲಕ್ಷಣಗಳನ್ನು 1933ರ ಮಾಂಟೆವಿಡಿಯೊ ಒಡಂಬಡಿಕೆಯು ರಾಷ್ಟ್ರಕ್ಕೆ ವಿಧಿಸಿದ್ದುದರಿಂದ, ಭೂಪ್ರದೇಶ ಹೋದಮೇಲೆ ರಾಷ್ಟ್ರವುಂಟೇ ಎಂಬ ಶಂಕೆ ಸಹಜವಾದುದೇ. 2025ರ ಜುಲೈ 23ರಂದು ಅಂತರರಾಷ್ಟ್ರೀಯ ನ್ಯಾಯಾಲಯವು ನೀಡಿದ ಸಲಹಾಭಿಪ್ರಾಯದಲ್ಲಿ, ಒಮ್ಮೆ ಸ್ಥಾಪಿತವಾದ ರಾಷ್ಟ್ರವು ತನ್ನ ಘಟಕಗಳಲ್ಲೊಂದನ್ನು ಕಳೆದುಕೊಂಡ ಮಾತ್ರಕ್ಕೆ ರಾಷ್ಟ್ರತ್ವವನ್ನು ಕಳೆದುಕೊಳ್ಳಲೇಬೇಕೆಂದಿಲ್ಲವೆಂದು ಹೇಳಿ ಆ ಶಂಕೆಯನ್ನು ಬಹುಮಟ್ಟಿಗೆ ಪರಿಹರಿಸಿತು. ವಾಚಕರು ಕ್ಷಮಿಸುವುದಾದರೆ ಇಲ್ಲೊಂದು ಮಾತು: ಹೇಗ್ ನಗರದ ನ್ಯಾಯಮೂರ್ತಿಗಳು ಇಷ್ಟು ಶ್ರಮಪಟ್ಟು ತಲುಪಿದ ನೆಲೆಯನ್ನು ನಮ್ಮ ತಲಾಠಿಯ, ಅಂದರೆ ಗ್ರಾಮಲೆಕ್ಕಿಗನ, ದಫ್ತರವು ಬಹುಕಾಲದ ಹಿಂದೆಯೇ ತಲುಪಿದೆ. ಒಬ್ಬ ಒಕ್ಕಲೂ ಇಲ್ಲದ ಊರು ಬೇಚರಾಕ್ ಗ್ರಾಮವೆಂಬ ಹೆಸರಿನಿಂದ ಕಂದಾಯದ ಲೆಕ್ಕದಲ್ಲಿ ಚಿರಂಜೀವಿಯಾಗಿಯೇ ಉಳಿದಿರುತ್ತದೆ. ಅದಕ್ಕೆ ನಕ್ಷೆಯುಂಟು, ಸರ್ವೆ ನಂಬರುಗಳುಂಟು, ಎಲ್ಲೆಕಲ್ಲುಗಳುಂಟು. ಊರಿಗೆ ಸಲ್ಲುವ ಈ ಅಮರತ್ವವು ಊರನ್ನು ಬಿಟ್ಟು ಮಡ್ಡಿಯೇರಿದವನಿಗೆ ಸಲ್ಲುವುದಿಲ್ಲ. ದ್ವೀಪದವನಿಗೆ ಪೌರತ್ವದ ಚಿಂತೆ. ಕೃಷ್ಣಾತೀರದವನ ಪೌರತ್ವ ಅಬಾಧಿತವಾಗಿದ್ದರೂ, ಆ ಪೌರತ್ವವನ್ನು ದಿನನಿತ್ಯದ ಉಪಯೋಗಕ್ಕೆ ತರುವ ವಿಳಾಸ, ಉತಾರ (ಆಸ್ತಿದಾಖಲೆಯ ಪ್ರತಿ), ಹಕ್ಕುಪತ್ರಗಳೇ ನೀರುಪಾಲಾಗಿರುತ್ತವೆ.

ನಮ್ಮ ಶಾಸನಗಳು ಸ್ಥಳಾಂತರಿತರನ್ನು ಎರಡು ಜಾತಿಗಳಾಗಿ ವಿಭಾಗಿಸಿವೆಯೆಂಬುದನ್ನು ಇದೇ ನದಿಯ ಕೆಳಗಣ ಬಾಗಲಕೋಟೆಯನ್ನು ನೋಡಿದರೆ ಅರಿಯಬಹುದು. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಹೊಲಗಳನ್ನು ಕಳೆದುಕೊಂಡವನು ಯೋಜನಾಸಂತ್ರಸ್ತ. ಆತನ ಭೂಮಿಗೆ ಅಧಿಸೂಚನೆಯುಂಟು, ಬೆಲೆಯನ್ನು ಪ್ರಶ್ನಿಸಲು ನ್ಯಾಯಾಲಯವುಂಟು, ಪುನರ್ವಸತಿ ಕೇಂದ್ರದಲ್ಲಿ ನಿವೇಶನವುಂಟು. 2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯ್ದೆಯಂತೂ ಬಾಧಿತ ಕುಟುಂಬವೆಂಬ ಪರಿಭಾಷೆಯೊಳಗೆ ಭೂಮಿಯ ಒಡೆಯನನ್ನಷ್ಟೇ ಇರಿಸದೆ, ಆ ಭೂಮಿಯನ್ನು ಆಶ್ರಯಿಸಿ ಬದುಕಿದ ಗೇಣಿದಾರನನ್ನೂ ಕೃಷಿಕಾರ್ಮಿಕನನ್ನೂ ಕುಶಲಕರ್ಮಿಯನ್ನೂ ಸೇರಿಸಿಕೊಂಡಿದೆ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣದ 2010ರ ತೀರ್ಪಿನ ಮೇರೆಗೆ ಅಣೆಕಟ್ಟೆಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಗಾಗಿ ರಾಜ್ಯ ಸಚಿವಸಂಪುಟವು 2025ರಲ್ಲಿ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿಗಳನ್ನು ಗೊತ್ತುಪಡಿಸಿತು. ಆ ಸಂತ್ರಸ್ತರ ಯಾತನೆ ಅಲ್ಪವೆಂದು ಇದರರ್ಥವಲ್ಲ. ಹೊಸ ಊರುಗಳಲ್ಲಿ ಅವರು ಅನುಭವಿಸಿದ ಅನಾಥತ್ವವನ್ನು ಬಲ್ಲವರು ಬಲ್ಲರು. ಆದರೂ ಅವರು ಸರ್ಕಾರದೊಡನೆ ವಾದಿಸಬಲ್ಲ ಪಕ್ಷಕಾರರು.

ಚಿಕ್ಕೋಡಿಯ ಮನುಷ್ಯನಾದರೋ ನೆರೆಸಂತ್ರಸ್ತ. ಆತನಿಗೆ ಅನ್ವಯಿಸತಕ್ಕದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದು ಆಶ್ರಯ, ಅನ್ನ, ನೀರು, ವೈದ್ಯೋಪಚಾರಗಳ ಕನಿಷ್ಠ ಮಟ್ಟವನ್ನು ನಿರ್ದೇಶಿಸಬೇಕೆನ್ನುವುದಾದರೂ, ಮನೆಯ ಹಾನಿಗೆ ಕೊಡುವ ಹಣವನ್ನು ಅನುಗ್ರಹಧನವೆಂಬ ಭಾವದಲ್ಲಿಯೇ ಕಾಣುತ್ತದೆ. ಅನುಗ್ರಹವನ್ನು ಬೇಡಬಹುದೇ ಹೊರತು ದಾವೆ ಹೂಡಿ ಪಡೆಯುವುದು ಕಠಿಣ. 2019ರಲ್ಲಿ ಕೇಂದ್ರದ ಮಾನದಂಡದಂತೆ ಬಯಲುಸೀಮೆಯ ಪೂರ್ಣ ಬಿದ್ದ ಮನೆಗೆ 95,100 ರೂಪಾಯಿ ಮಾತ್ರ ಸಲ್ಲುತ್ತಿದ್ದಾಗ, ರಾಜ್ಯಸರ್ಕಾರವು ಅದನ್ನು 5 ಲಕ್ಷಕ್ಕೆ ಏರಿಸಿದ್ದು ನಿಶ್ಚಯವಾಗಿಯೂ ಔದಾರ್ಯದ ಕಾರ್ಯ. ಆದರೆ ಹಾನಿಯನ್ನು ‘ಎ’, ‘ಬಿ’, ‘ಸಿ’ ಎಂದು ಮೂರು ವರ್ಗಗಳಾಗಿ ವಿಂಗಡಿಸಿ ಹಣವನ್ನು ಹಂತಹಂತವಾಗಿ ಬಿಡುಗಡೆ ಮಾಡಿದ ಆ ಏರ್ಪಾಡಿನಲ್ಲಿ, ಯಾವ ವರ್ಗಕ್ಕೆ ಸೇರಿದೆನೆಂಬುದೇ ಮನುಷ್ಯನ ಹೊಸ ಗುರುತಾಯಿತು. ಮಣ್ಣಿನ ಗೋಡೆಯ ಮನೆ ನೀರು ನಿಂತಾಗ ಬೀಳದೆ, ಬಿಸಿಲು ಬಿದ್ದಮೇಲೆ ಬಿರಿದು, ತಿಂಗಳ ನಂತರ ಕುಸಿಯುವುದು ಈ ಭಾಗದ ಪ್ರತಿಯೊಬ್ಬ ಗೌಂಡಿಗೂ ಗೊತ್ತಿರುವ ವಿಷಯ. ಪಂಚನಾಮೆಯ ದಿನ ನಿಂತಿದ್ದ ಗೋಡೆ ಅದರ ಮರುವಾರ ಬಿದ್ದುದನ್ನು ಕಾಗದಕ್ಕೆ ತಿಳಿಸುವ ಬಗೆ ಹೇಗೆ?

ಯೋಜನಾಸಂತ್ರಸ್ತ, ನೆರೆಸಂತ್ರಸ್ತ ಎಂಬ ಈ ವಿಭಾಗದ ಬುಡದಲ್ಲಿರುವ ತರ್ಕವು ಇಷ್ಟೇ: ಅಣೆಕಟ್ಟಿನ ಹಿನ್ನೀರು ರಾಜ್ಯದ ಕೃತ್ಯ, ಪ್ರವಾಹವು ದೈವದ ಕೃತ್ಯ. ಮೇಲ್ನೋಟಕ್ಕೆ ಸುಸಂಗತವಾಗಿ ತೋರುವ ಈ ತರ್ಕವನ್ನು ಕೃಷ್ಣೆಯ ಮಟ್ಟಿಗೆ ನಾನು ಒಪ್ಪಲಾರೆ. ಇಂದಿನ ಕೃಷ್ಣೆಯು ಮೇಲಿನಿಂದ ಕೆಳಗಿನವರೆಗೆ ಬಾಗಿಲುಗಳನ್ನಿಟ್ಟು ಕಾಯಲ್ಪಡುವ ನದಿ. ಮಳೆ ದೈವಾಧೀನವೆಂಬುದು ಸರಿ. ಆದರೆ ಯಾವ ಜಲಾಶಯವನ್ನು ಯಾವ ತಿಂಗಳಲ್ಲಿ ಎಷ್ಟು ತುಂಬಿಸಿಡಬೇಕು, ಯಾವ ದಿನ ಎಷ್ಟು ಬಿಡಬೇಕು ಎಂಬುದು ಅಧಿಕಾರಿಗಳ ಆದೇಶಾಧೀನ. ಪ್ರತಿಸಲದ ಮಹಾಪೂರದಲ್ಲಿಯೂ ಸಾಂಗಲಿ ಕೊಲ್ಹಾಪುರಗಳವರು ಆಲಮಟ್ಟಿಯ ಹಿನ್ನೀರನ್ನು ದೂರುತ್ತಾರೆ, ಚಿಕ್ಕೋಡಿ ಅಥಣಿಗಳವರು ಕೊಯ್ನೆಯ ಬಾಗಿಲುಗಳನ್ನು ದೂರುತ್ತಾರೆ. ಪರಸ್ಪರ ವಿರುದ್ಧವಾದ ಈ ಎರಡು ದೂರುಗಳೂ ನೆರೆಯಲ್ಲಿ ಮನುಷ್ಯನ ಕೈಯಿದೆಯೆಂಬ ಒಂದಂಶದಲ್ಲಿ ಏಕಾಭಿಪ್ರಾಯವನ್ನು ಹೊಂದಿವೆ. ಅಂದಮೇಲೆ ನಷ್ಟಪರಿಹಾರದ ಕಾಲಕ್ಕೆ ಮಾತ್ರ ದೈವವನ್ನು ಮುಂದಿಡುವುದು ಎಷ್ಟರಮಟ್ಟಿಗೆ ನ್ಯಾಯ? ಆಂತರಿಕ ಸ್ಥಳಾಂತರವನ್ನು ಕುರಿತು ವಿಶ್ವಸಂಸ್ಥೆಯು 1998ರಲ್ಲಿ ರೂಪಿಸಿದ ಮಾರ್ಗದರ್ಶಿ ಸೂತ್ರಗಳು ಯುದ್ಧ, ಪ್ರಕೃತಿವಿಕೋಪ, ಮನುಷ್ಯಕೃತ ವಿಪತ್ತು ಎಂಬ ಭೇದವೆಣಿಸದೆ ಮನೆಬಿಟ್ಟವರೆಲ್ಲರನ್ನೂ ಒಂದೇ ಪರಿಭಾಷೆಯೊಳಗೆ ತಂದಿವೆ. ಅವು ಬಂಧನಕಾರಿ ಶಾಸನವಲ್ಲವೆಂಬುದೊಂದೇ ಕೊರತೆ.

ಇನ್ನು ಕಾಗದಪತ್ರಗಳ ಮಾತಿಗೆ ಬರೋಣ. ನೆರೆಸಂತ್ರಸ್ತನ ನಿಜವಾದ ಕಷ್ಟ ಅಡಗಿರುವುದು ಅಲ್ಲಿ. ಹಳೆಯ ಗಾಂವಠಾಣದೊಳಗಣ, ಅಂದರೆ ಊರಿನ ವಾಸದ ನೆಲೆಯೊಳಗಣ, ಮನೆ ಅಜ್ಜನ ಹೆಸರಿನಲ್ಲಿರುತ್ತದೆ. ಅದರೊಳಗೆ ಮೂವರು ಅಣ್ಣತಮ್ಮಂದಿರು ಮೂರು ಒಲೆ ಹೂಡಿರುತ್ತಾರೆ. ಪಂಚಾಯಿತಿಯ ಪುಸ್ತಕದಲ್ಲಿ ಮನೆಯ ನಂಬರು ಒಂದೇ. ಬಿದ್ದದ್ದು ಒಂದು ಮನೆಯೆಂದು ದಫ್ತರವೂ, ಬೀದಿಗೆ ಬಿದ್ದದ್ದು ಮೂರು ಸಂಸಾರಗಳೆಂದು ಊರೂ ಹೇಳುತ್ತವೆ, ಎರಡೂ ಸತ್ಯವೇ. ಸ್ಥಿತಿವಂತನಾದವನು ಗಾಂವಠಾಣವನ್ನು ತೊರೆದು ತನ್ನದೇ ಹೊಲದ ಎತ್ತರದ ಮೂಲೆಯಲ್ಲಿ ತೋಟದ ಮನೆಯನ್ನು ಕಟ್ಟಿಕೊಳ್ಳುತ್ತಾನೆ. ಬಿನ್‌ಶೇತಕಿಯಾಗದ (ಕೃಷಿಯೇತರವಾಗಿ ಪರಿವರ್ತಿತವಾಗದ) ಆ ನೆಲದ ಮೇಲಿನ ಮನೆಗೆ ಪಂಚಾಯಿತಿಯ ಆಸ್ತಿಪತ್ರವಾದ ನಮೂನೆ 9 ದೊರೆಯುವುದಿಲ್ಲ, ನಮೂನೆ ಇಲ್ಲದೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಮುಂದಿನ ನೆರೆಯಲ್ಲಿ ಆ ಮನೆ ಬಿದ್ದರೆ ಅದು ಮನೆಯೆಂಬುದನ್ನೇ ಸಾಧಿಸಬೇಕಾಗುತ್ತದೆ. ಹೊಲವಿಲ್ಲದವನು ಗಾಯರಾಣವೆಂಬ ಗೋಮಾಳದ ಮೇಲೆ ತಗಡಿನ ಸೂರು ಹಾಕಿಕೊಳ್ಳುತ್ತಾನೆ. ನದಿಯ ದಂಡೆಗೆ ತೀರ ಹತ್ತಿರದ ತಗ್ಗಿನಲ್ಲಿ ಬಹುಕಾಲದಿಂದ ವಾಸವಾಗಿದ್ದವರು ಎಲ್ಲೆಡೆಯಂತೆ ಇಲ್ಲಿಯೂ ದಲಿತರು, ಅಂಬಿಗರು, ಕೂಲಿಗಳು. ಗಾಯರಾಣದ ಮೇಲಿನ ಅವರ ಸೂರು ಅತಿಕ್ರಮಣವೆನಿಸಿಕೊಳ್ಳುತ್ತದೆ, ಮತ್ತು ಅತಿಕ್ರಮಣದಾರರೆಂಬ ಈ ಬಿರುದು ಅವರಿಗೆ ಬಂದದ್ದು ಸರ್ಕಾರವೇ ಕೆಳಗಿನ ಊರು ಅಪಾಯಕರವೆಂದು ಸಾರಿದ ಮೇಲೆ ಎಂಬ ವಿಪರ್ಯಾಸವನ್ನು ಯಾವ ಕಡತವೂ ನಮೂದಿಸುವುದಿಲ್ಲ. ಕಂದಾಯ ಕಾಯ್ದೆಯ 94ಸಿ ವಿಧಿಯಂತೆ ಸಕ್ರಮಕ್ಕೆ ಅರ್ಜಿ ಹಾಕಲು ಅವಕಾಶವಿದೆಯೆಂಬುದು ದಿಟ. ಆದರೆ ಆ ವಿಧಿಯು ಇಂತಿಷ್ಟು ಕಾಲದ ಹಿಂದೆ ಕಟ್ಟಿದ ಮನೆಗಳಿಗೆ ಮೀಸಲಾದುದು, ನದಿಯಾದರೋ ಶಾಸನದ ಅವಧಿಯನ್ನು ನೋಡಿಕೊಂಡು ಉಕ್ಕುವುದಿಲ್ಲ.

ಹೊಸ ಜಾಗಕ್ಕೆ ಹೋಗೆಂದರೆ ಈ ಜನ ಹೋಗುವುದಿಲ್ಲ, ಕಟ್ಟಿಕೊಟ್ಟ ಮನೆಗಳು ಖಾಲಿ ಬೀಳುತ್ತವೆ ಎಂಬ ಆಕ್ಷೇಪಣೆಯನ್ನು ಅಧಿಕಾರಸ್ಥರ ಬಾಯಿಂದ ಕೇಳುತ್ತೇವೆ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಕಟ್ಟಿದ ಅನೇಕ ಬಡಾವಣೆಗಳು ಹಾಗೆ ಖಾಲಿ ಉಳಿದದ್ದೂ ಉಂಟು. ಎಮ್ಮೆ ಕಟ್ಟಲು ಕೊಟ್ಟಿಗೆಯಿಲ್ಲದ, ಕಣಿಕೆ ಒಟ್ಟಲು ಹಿತ್ತಿಲಿಲ್ಲದ, ಹೊಲಕ್ಕೆ ಹರದಾರಿ ದೂರವಾದ ಮನೆಯನ್ನು ಹೈನಿನಿಂದ ಬದುಕುವ ಕುಟುಂಬವು ನಿರಾಕರಿಸಿದರೆ ಅದನ್ನು ಹಟವೆನ್ನಲಾಗದು. ಇದರಾಚೆಗೆ ಮತ್ತೊಂದು ಬಂಧವೂ ಇದೆ. ಈ ಸೀಮೆಯಲ್ಲಿ ಸದಲಗೆ, ಉಗಾರೆ, ಕಾಗವಾಡೆ ಎಂದು ಊರ ಹೆಸರೇ ಮನೆತನದ ಅಡ್ಡಹೆಸರಾಗಿ ನಿಂತಿದೆ. ಯಡೂರಿನ ವೀರಭದ್ರ, ಚಿಂಚಲಿಯ ಮಾಯಕ್ಕ, ಕುಡಚಿಯ ದರ್ಗಾ, ಶೇಡಬಾಳದ ಜೈನ ಆಶ್ರಮಗಳು ಇಲ್ಲಿಯ ಜನರಿಗೆ ತಾವು ಯಾರೆಂಬುದನ್ನು ಹೇಳಿಕೊಡುವ ಸ್ಥಾನಗಳು. ತುವಾಲುವಿನವನು ತನ್ನ ಹಿರಿಯರ ಗೋರಿಗಳನ್ನು ಬಿಟ್ಟು ಹೋಗಲಾರದೆ ಚಡಪಡಿಸುವುದನ್ನು ಕನಿಕರದಿಂದ ಓದುವ ನಾವು, ಮಾಂಜರಿಯವನ ಅದೇ ಚಡಪಡಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಸಲ್ಲದು.

ಗುರುತಿನ ಪ್ರಶ್ನೆಗೆ ಈ ಐದು ತಾಲ್ಲೂಕುಗಳಲ್ಲಿ ಇನ್ನೊಂದು ತೊಡಕಿದೆ, ಅದು ಗಡಿಯದು. ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದಿತು. ಚಿಕ್ಕೋಡಿ ಅಥಣಿಗಳು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯವು. ನಡುನಡುವೆ ಪಟವರ್ಧನರ ಸಂಸ್ಥಾನಗಳ ತುಣುಕುಗಳು. 1956ರ ನವೆಂಬರ್ 1ರಂದು ಇವೆಲ್ಲವೂ ಮೈಸೂರು ರಾಜ್ಯದೊಳಗಾದರೂ, 1966ರಲ್ಲಿ ನೇಮಕವಾದ ಮಹಾಜನ ಆಯೋಗದ ಮರುವರ್ಷದ ವರದಿಯಿಂದಲೂ ವಿವಾದ ತೀರದೆ, 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 865 ಗ್ರಾಮಗಳು ತನ್ನವೆಂದು ಹೇಳುವ ಆ ರಾಜ್ಯವು 2023ರಲ್ಲಿ ತನ್ನ ಆರೋಗ್ಯವಿಮಾ ಯೋಜನೆಯನ್ನು ಆ ಗ್ರಾಮಗಳಿಗೂ ವಿಸ್ತರಿಸಲು ಹೊರಟಾಗ ಇಲ್ಲಿ ಕೋಲಾಹಲವೆದ್ದಿತು. ಹೀಗೆ ಎರಡು ಸರ್ಕಾರಗಳು ತಮ್ಮವನೆಂದು ಎಳೆದಾಡುವ ಗಡಿಯ ಮನುಷ್ಯನು, ನೆರೆ ಬಂದಾಗ ಎರಡು ಕಡೆಯ ದಫ್ತರಗಳಿಂದಲೂ ಪುರಾವೆ ಕೇಳಿಸಿಕೊಳ್ಳುವವನಾಗುತ್ತಾನೆ. ದೂಧಗಂಗೆಯ ಮೇಲಿನ ಮಲಿಕವಾಡ–ದತ್ತವಾಡ ಸೇತುವೆಯ ಒಂದು ತುದಿ ಕರ್ನಾಟಕದಲ್ಲಿ, ಇನ್ನೊಂದು ಮಹಾರಾಷ್ಟ್ರದಲ್ಲಿ. ಜುಗೂಳಿನ ಎದುರುದಂಡೆಯ ಖಿದ್ರಾಪುರದ ಕೋಪೇಶ್ವರ ದೇಗುಲದಲ್ಲಿ ಹಳಗನ್ನಡದ ಶಾಸನಗಳಿವೆ. ಹೆಣ್ಣು ಕೊಟ್ಟು ತಂದ ಸಂಬಂಧಗಳು ಮಹಾರಾಷ್ಟ್ರದ ಶಿರೋಳದವರೆಗೂ ಹಬ್ಬಿರುವುದರಿಂದ, ಮನೆ ಕಳೆದುಕೊಂಡ ಸಂಸಾರವು ಅಲ್ಲಿಯ ಬೀಗರ ಮನೆಯಲ್ಲಿ ವರ್ಷವೊಂದನ್ನು ಕಳೆದರೆ ಆಶ್ಚರ್ಯವಿಲ್ಲ. ಆ ಸಂಸಾರದ ಮಗುವಿನ ವ್ಯಾಸಂಗಪತ್ರ ಅಲ್ಲಿಯದು, ರೇಶನ್ ಚೀಟಿ ಇಲ್ಲಿಯದು, ಆಧಾರದ ವಿಳಾಸವು ನೀರಿನಡಿಯ ಮನೆಯದು. ಕನ್ನಡವೋ ಮರಾಠಿಯೋ ಎಂದು ಆ ಮಗುವನ್ನು ಕೇಳುವವರು ಎಷ್ಟೋ ಮಂದಿ. ನಿನ್ನ ಮನೆ ಎಲ್ಲಿ ಎಂದು ಕೇಳುವವರು ಕಡಮೆ.

ಪ್ರಸಂಗವಶಾತ್ ಕಬ್ಬು ಕಡಿಯುವವರನ್ನೂ ನೆನೆಯಬೇಕು. ಬೀಡ, ಜತ್ತ, ವಿಜಯಪುರಗಳ ಕಡೆಯಿಂದ ಕೂಲಿಗುತ್ತಿಗೆದಾರನಾದ ಮುಕಾದಮನ ಮುಂಗಡಕ್ಕೆ ಒಳಗಾಗಿ ಬರುವ ಗಂಡಹೆಂಡಿರ ಜೋಡಿಗಳು ದೀಪಾವಳಿಯ ಸುಮಾರಿನಿಂದ ತಿಂಗಳುಗಟ್ಟಲೆ ಇಲ್ಲಿಯ ಹೊಲಗಳ ಬದುವಿನಲ್ಲಿ ಗುಡಿಸಲು ಹಾಕುತ್ತಾರೆ. ಅವರನ್ನು ಊರು ಬಿಡಿಸಿದ್ದು ನೀರಿನ ಅಭಾವ. ಇಲ್ಲಿಯವರನ್ನು ಬಿಡಿಸಿದ್ದು ಅದರ ಅತಿರೇಕ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲಿಯೇ ಕಾಯ್ದೆಯಾಗಿ, ಅದು ಈಚಿನ ಕಾರ್ಮಿಕ ಸಂಹಿತೆಯೊಳಗೆ ಲೀನವಾಗಿದ್ದರೂ, ಕಬ್ಬಿನ ಹೊಲದ ಬದುವಿನವರೆಗೆ ಅದು ನಡೆದುಬಂದಂತೆ ಕಾಣೆ. ಅವರ ವಿಷಯ ಬೇರೊಂದು ಲೇಖನವನ್ನೇ ಅಪೇಕ್ಷಿಸುತ್ತದೆ.

ಮುಂದಿನ ದಾರಿಯಾದರೂ ಏನು? ಹೊಸ ಶಾಸನ ಬೇಕೆಂದು ಕೂಗುವುದು ಸುಲಭ; ನನಗೆ ತೋರುವ ಮಟ್ಟಿಗೆ ಇರುವ ಶಾಸನಗಳಲ್ಲಿಯೇ ಪರಿಹಾರದ ಬೀಜಗಳಿವೆ. ಮತದಾರರ ಪಟ್ಟಿಯ ಸಂಬಂಧವಾದ 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯು, ತನ್ನ ಸಾಮಾನ್ಯ ವಾಸಸ್ಥಾನದಿಂದ ತಾತ್ಕಾಲಿಕವಾಗಿ ದೂರವಿದ್ದವನು ಆ ಕಾರಣದಿಂದಲೇ ಅಲ್ಲಿಯ ನಿವಾಸಿತ್ವವನ್ನು ಕಳೆದುಕೊಳ್ಳುವುದಿಲ್ಲವೆಂದು ಹೇಳಿದೆ. ಮತಕ್ಕೆ ಸಲ್ಲುವ ಈ ಉದಾರತೆಯನ್ನು ಮನೆಗೂ ಸಲ್ಲಿಸಬಾರದೇಕೆ? ದಾಖಲೆರಹಿತ ಜನವಸತಿಗಳನ್ನು, ಅಂದರೆ ತಾಂಡಾ, ಹಟ್ಟಿ, ಹಾಡಿ, ಕಾಲೋನಿಗಳನ್ನು, ಕಂದಾಯ ಗ್ರಾಮಗಳನ್ನಾಗಿ ಪರಿವರ್ತಿಸುವ ಕಾರ್ಯವನ್ನು ಕರ್ನಾಟಕವು ಕೆಲವು ವರ್ಷಗಳಿಂದ ಕೈಕೊಂಡು, 2025ರ ಮೇ ತಿಂಗಳಲ್ಲಿ ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರಗಳನ್ನು ವಿತರಿಸಿತು. ಮಡ್ಡಿಯ ಮೇಲಿನ ನೆರೆಸಂತ್ರಸ್ತರ ವಸತಿಗಳು ಇದೇ ಲಕ್ಷಣಕ್ಕೆ ಸಲ್ಲತಕ್ಕವು. ಅವುಗಳನ್ನೂ ಆ ಪಟ್ಟಿಗೆ ಸೇರಿಸಿ, ಮೂಲ ಊರಿನ ಹೆಸರಿನಲ್ಲಿಯೇ ಉಪಗ್ರಾಮಗಳನ್ನಾಗಿ ಘೋಷಿಸಿ, ಅಲ್ಲಿಯ ಪ್ರತಿಯೊಂದು ಒಲೆಗೂ ಒಂದು ಹಕ್ಕುಪತ್ರವನ್ನು ಕೊಡುವುದಕ್ಕೆ ಹೊಸ ಕಾಯ್ದೆಯ ಅವಶ್ಯಕತೆಯಿಲ್ಲ. ಕೆಳಗಿನ ಗಾಂವಠಾಣದ ನಿವೇಶನವನ್ನು ಸರ್ಕಾರಕ್ಕೆ ಒಪ್ಪಿಸಿದರೆ ಮಾತ್ರ ಮೇಲಿನದು ದೊರೆಯುವುದೆಂಬ ಕರಾರನ್ನೂ ವಿಧಿಸಬಾರದು. ಬೇಸಗೆಯಲ್ಲಿ ದನ ಕಟ್ಟುವುದಕ್ಕೂ ಜಾತ್ರೆಯಲ್ಲಿ ತೇರು ಎಳೆಯುವುದಕ್ಕೂ ಹಳೆಯ ಊರು ಊರಾಗಿಯೇ ಇರಲಿ.

ಚಿಕ್ಕೋಡಿಯನ್ನು ಪ್ರತ್ಯೇಕ ಜಿಲ್ಲೆಯನ್ನಾಗಿ ಮಾಡಬೇಕೆಂಬ ಬೇಡಿಕೆ ಬಹುಕಾಲದ್ದು; ನಿಪ್ಪಾಣಿ ಕಾಗವಾಡಗಳು ಈಗಾಗಲೇ ತಾಲ್ಲೂಕುಗಳಾಗಿವೆ. ಜಿಲ್ಲೆಯಾದೀತೋ ಆಗದೋ, ಅದಕ್ಕಾಗಿ ಹೋರಾಡುತ್ತಿರುವ ಮಹನೀಯರಲ್ಲಿ ಒಂದು ವಿನಂತಿ: ನಿಮ್ಮ ಬೇಡಿಕೆಯ ಪಟ್ಟಿಯಲ್ಲಿ ಕಚೇರಿಗಳ ಕಟ್ಟಡಗಳಿಗೆ ಮೊದಲು ಮಡ್ಡಿಯ ಮೇಲಿನ ಮನೆಗಳ ಉತಾರಗಳನ್ನು ಬರೆಯಿರಿ, ಮತ್ತು ಮುಂದಿನ ಮಳೆಗಾಲಕ್ಕೆ ಮುನ್ನವೇ ಅವುಗಳನ್ನು ಕೇಳಿರಿ.